ಸ್ಟೋರ್ ತುಂಬಾ ಸ್ಪೇರ್ ಇದೆ, ಬೇಕಾದಾಗ ಸಿಗಲ್ಲ: ಖಾರದಪುಡಿ ಫ್ಯಾಕ್ಟರಿಯಿಂದ ಒಂದು ಪ್ರಶ್ನೆ

ಪ್ರಶ್ನೆ (ಬ್ಯಾಡಗಿಯಿಂದ):

ನಮಸ್ಕಾರ ಸರ್. ಬ್ಯಾಡಗಿ ಹತ್ತಿರ ಒಂದು ಖಾರದಪುಡಿ ಫ್ಯಾಕ್ಟರಿಯಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಎರಡು ಪಲ್ವರೈಸರ್ (ಮೆಣಸಿನಕಾಯಿ ಪುಡಿ ಮಾಡುವ ಮಷಿನ್), ಒಂದು ಜರಡಿ, ಸ್ಕ್ರೂ ಕನ್ವೇಯರ್, ಮೂರು ಪೌಚ್ ಪ್ಯಾಕಿಂಗ್ ಮಷಿನ್ ಇವೆ. ಹೋದ ತಿಂಗಳು ರಾತ್ರಿ ಒಂದು ಬೇರಿಂಗ್ ಹೋಯಿತು. ಬೆಳಗ್ಗೆ ಹುಡುಗನನ್ನು ಹುಬ್ಬಳ್ಳಿಗೆ ಕಳಿಸಿ ತರಿಸಿದೆ. ಒಂದೂವರೆ ಶಿಫ್ಟ್ ಹಾಳಾಯಿತು. ಆಮೇಲೆ ನೋಡಿದರೆ ಅದೇ ಬೇರಿಂಗ್ ನಮ್ಮ ಸ್ಟೋರಲ್ಲೇ ಬೇರೆ ಡಬ್ಬಿಯಲ್ಲಿತ್ತು. ಈಗ ಮಾಲೀಕರು ಸ್ಪೇರ್‌ಗೆ ಇನ್ನು ದುಡ್ಡು ಹಾಕಲ್ಲ ಅಂತಾರೆ. ಎಲ್ಲಿಂದ ಶುರು ಮಾಡಲಿ? ಯಾವುದು ಎಷ್ಟು ಇಡಬೇಕು ಅನ್ನೋದಕ್ಕೆ ಲೆಕ್ಕ ಇದೆಯಾ?

ಉತ್ತರ (ಹುಬ್ಬಳ್ಳಿಯಿಂದ):

ನಮಸ್ಕಾರ. ಸದ್ಯಕ್ಕೆ ಏನೂ ಕೊಳ್ಳಬೇಡಿ. ಬೇರಿಂಗ್ ನಿಮ್ಮಲ್ಲೇ ಇತ್ತು, ಇದೆ ಅಂತ ಗೊತ್ತಿರಲಿಲ್ಲ. ಮೊದಲು ಆ ರೋಗಕ್ಕೆ ಮದ್ದು ಮಾಡಿ.

ಮಷಿನ್ ನಿಲ್ಲಿಸುವ ಒಂದು ದಿನ ನೋಡಿ, ಒಬ್ಬ ಫಿಟ್ಟರ್‌ನನ್ನು ಕರೆದುಕೊಂಡು ಪ್ರತಿ ಮಷಿನ್ ಮುಂದೆ ನಿಂತು ಬರೆಯಿರಿ. ಮೋಟರ್ ಪ್ಲೇಟಿನ ಮೇಲೆ ಏನಿದೆ, ಬೆಲ್ಟ್ ನಂಬರ್ ಏನು, ಬೇರಿಂಗ್ ನಂಬರ್ ಏನು, ಕರೆಂಟಿನಿಂದ ವಾಲ್ವ್ ತೆರೆದು ಮುಚ್ಚುವ ಸಾಲಿನಾಯ್ಡ್ ಕಾಯಿಲ್ ಎಷ್ಟು ವೋಲ್ಟು. ಆಮೇಲೆ ಸ್ಟೋರಿನ ಸಾಮಾನೆಲ್ಲ ತಾಡಪಾಲ್ ಮೇಲೆ ಹರವಿ ಈ ಪಟ್ಟಿಗೆ ತಾಳೆ ನೋಡಿ. ಯಾವ ಮಷಿನ್ನಿಗೂ ಸೇರದ ಸಾಮಾನು ಎಷ್ಟಿದೆ ಅಂತ ಅವತ್ತೇ ಗೊತ್ತಾಗುತ್ತದೆ. ಎಂದೋ ಮಾರಿದ ಮಷಿನ್ನಿನ ಸ್ಪೇರು ಎಲ್ಲ ಸ್ಟೋರಲ್ಲೂ ಇರುತ್ತವೆ.

ಹೆಸರು ಪೂರ್ತಿ ಬರೆಯಿರಿ. 6205 ಅಂತ ಬರೆದರೆ ಸಾಲದು. 6205 ಎಲ್ಲವೂ 25 ಮಿ.ಮೀ. ಶಾಫ್ಟಿಗೆ ಕೂರುತ್ತವೆ, ಆದ್ರೆ ನಂಬರಿನ ಮುಂದೆ ಜಡ್‌ಜಡ್ ಅಂದರೆ ಎರಡೂ ಕಡೆ ತಗಡಿನ ಮುಚ್ಚಳ, 2ಆರ್‌ಎಸ್ ಅಂದರೆ ರಬ್ಬರ್ ಸೀಲು. ನಿಮ್ಮಲ್ಲಿ ಹಾರುವುದು ನುಣ್ಣನೆ ಖಾರದ ಧೂಳು. ತಗಡಿನ ಸಂದಿಯಲ್ಲಿ ಅದು ಸುಲಭವಾಗಿ ಒಳಗೆ ಹೋಗುತ್ತದೆ, ರಬ್ಬರ್ ಸೀಲು ಇದ್ದರೆ ಜಾಸ್ತಿ ದಿನ ತಡೆಯುತ್ತದೆ. ಕೊನೆಗೆ ಸಿ3 ಅಂತಿದ್ದರೆ ಒಳಗೆ ಸಡಿಲು ಸ್ವಲ್ಪ ಜಾಸ್ತಿ, ಬಿಸಿಯಾಗುವ ಜಾಗಕ್ಕೆ ಅದು ಬೇಕು.

ನನಗೆ ಇದು ಅರ್ಥವಾಗಿದ್ದು ಒಂದು ಕಾಯಿಲಿನಿಂದ. ಆಗ ನಾನು ಕುರುಕಲು ತಿಂಡಿ ಮಾಡುವ ಪ್ಲಾಂಟಲ್ಲಿದ್ದೆ. ದೀಪಾವಳಿ ಆರ್ಡರಿನ ಹೊತ್ತು, ರಾತ್ರಿ ಎರಡು ಗಂಟೆಗೆ ಪ್ಯಾಕಿಂಗ್ ಮಷಿನ್ನಿನ ಸಾಲಿನಾಯ್ಡ್ ಕಾಯಿಲ್ ಸುಟ್ಟಿತು. ಸ್ಟೋರಿನ ಲೆಕ್ಕದ ಕಾರ್ಡ್ ತೆಗೆದರೆ ‘ಕಾಯಿಲ್ – 4’ ಅಂತಿದೆ. ಸಮಾಧಾನ ಆಯಿತು. ಫಿಟ್ಟರ್ ಒಂದೊಂದೇ ಪೊಟ್ಟಣ ಬಿಚ್ಚಿ ಟಾರ್ಚ್ ಹಿಡಿದು ಓದಿದ. ನಾಲ್ಕೂ 230 ವೋಲ್ಟ್ ಎಸಿ. ಮಷಿನ್ನಿಗೆ ಬೇಕಾದದ್ದು 24 ವೋಲ್ಟ್ ಡಿಸಿ. ನೋಡಲು ಎರಡೂ ಒಂದೇ ಥರ. ಬೆಂಗಳೂರಿಂದ ಬಸ್ಸಿನ ಪಾರ್ಸಲ್ ಬರುವವರೆಗೆ ಆ ಮಷಿನ್ ನಿಂತೇ ಇತ್ತು. ಕಾರ್ಡ್ ಬರೆದವನು ನಾನೇ. ಅವತ್ತಿಂದ ವೋಲ್ಟೇಜ್ ಬರೆಯದ ಕಾರ್ಡಿಗೆ ನಾನು ಸಹಿ ಹಾಕಿಲ್ಲ.

ಇನ್ನು ಲೆಕ್ಕ. ದಿನಾ ಸವೆಯುವ ಸಾಮಾನಿಗೆ ಲೆಕ್ಕ ಸುಲಭ. ಸೀಲಿಂಗ್ ಜಾಗಕ್ಕೆ ಹಾಕುವ ಟೆಫ್ಲಾನ್ ಟೇಪ್ ವಾರಕ್ಕೆ 2 ರೋಲ್ ಹೋಗುತ್ತದೆ, ಆರ್ಡರ್ ಹಾಕಿದರೆ ಬರಲು 3 ವಾರ ಬೇಕು ಅನ್ನಿ. ಬರುವಷ್ಟರಲ್ಲಿ 6 ಖರ್ಚಾಗುತ್ತವೆ. ತಡವಾದರೆ ಇರಲಿ ಅಂತ ಇನ್ನೆರಡು. ಅಂದರೆ ಸ್ಟೋರಲ್ಲಿ 8 ಉಳಿದ ದಿನವೇ ಆರ್ಡರ್ ಹೋಗಬೇಕು. ಹೀಟರ್, ಥರ್ಮೊಕಪಲ್, ಬೆಲ್ಟ್, ಸಾಮಾನ್ಯ ಬೇರಿಂಗ್, ಎಲ್ಲಕ್ಕೂ ಇದೇ.

ಆದ್ರೆ ಐದಾರು ವರ್ಷಕ್ಕೊಮ್ಮೆ ಹೋಗುವ ಗೇರ್‌ಬಾಕ್ಸಿಗೆ ಈ ಲೆಕ್ಕ ಹಾಕಬೇಡಿ. ವರ್ಷದ ಖರ್ಚು ಸೊನ್ನೆ, ಹಾಗಾಗಿ ಇಡುವುದೂ ಸೊನ್ನೆ ಅಂತಲೇ ಬರುತ್ತದೆ. ಅಲ್ಲಿ ಎರಡೇ ಪ್ರಶ್ನೆ. ಇದು ಇಲ್ಲದಿದ್ದರೆ ಲೈನ್ ಎಷ್ಟು ಹೊತ್ತು ನಿಲ್ಲುತ್ತದೆ? ತರಿಸಲು ಎಷ್ಟು ದಿನ? ಎರಡಕ್ಕೂ ಉತ್ತರ ದೊಡ್ಡದಾಗಿದ್ದರೆ ಒಂದು ಇಡಲೇಬೇಕು. ಹುಬ್ಬಳ್ಳಿಯಲ್ಲಿ ಅರ್ಧ ದಿನಕ್ಕೆ ಸಿಗುವುದನ್ನು ಡಜನ್‌ಗಟ್ಟಲೆ ತುಂಬಿಕೊಳ್ಳುವುದೇಕೆ, ಅಲ್ವಾ? ಸ್ಟೋರಿನವರು ಹೇಳುವ ವಿ-ಇ-ಡಿ (ವೈಟಲ್, ಎಸೆನ್ಷಿಯಲ್, ಡಿಸೈರಬಲ್) ಇದೇ: ಇಲ್ಲದಿದ್ದರೆ ಲೈನೇ ನಿಲ್ಲುವುದು ವಿ, ಕೆಲಸ ಕುಂಟುವುದು ಇ, ಇದ್ದರೆ ಒಳ್ಳೆಯದು ಅನ್ನುವುದು ಡಿ.

ತಿನ್ನುವ ಪದಾರ್ಥದ ಫ್ಯಾಕ್ಟರಿಗೆ ಮೂರನೇ ಪ್ರಶ್ನೆಯೂ ಇದೆ. ಇದು ಮುರಿದರೆ ಪುಡಿಯಲ್ಲಿ ಬೀಳುತ್ತದಾ? ಜರಡಿಯ ಜಾಲಿ ನೋಡಿ. ದೊಡ್ಡ ದುಡ್ಡಿನ ಸಾಮಾನಲ್ಲ. ಹರಿದರೆ ತಂತಿ ಚೂರು ಪುಡಿಗೆ ಸೇರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ತಂತಿಯನ್ನು ಅಯಸ್ಕಾಂತ ನೆಚ್ಚುವಂತೆ ಹಿಡಿಯುವುದಿಲ್ಲ. ಪ್ರತಿ ಮೆಷ್‌ಗೂ ಒಂದು ಜಾಲಿ ಸ್ಟೋರಲ್ಲಿ ಇರಲೇಬೇಕು. ಇಲ್ಲದಿದ್ದರೆ ‘ಇವತ್ತೊಂದಿನ ಓಡಿಸೋಣ’ ಅನ್ನುವ ಮಾತು ಬರುತ್ತದೆ. ಆ ಪುಡಿ ಮಕ್ಕಳ ತಟ್ಟೆಗೂ ಹೋಗುತ್ತದೆ.

ಅದಕ್ಕೇ ಹಳೇದು ಕೊಟ್ಟರೆ ಮಾತ್ರ ಹೊಸದು ಕೊಡಿ. ಹರಿದ ಗ್ಯಾಸ್ಕೆಟ್ ಬಂದರೆ ಚೂರು ಜೋಡಿಸಿ ನೋಡಿ. ಒಂದು ಚೂರು ಕಮ್ಮಿ ಇದ್ದರೆ ಅದು ಎಲ್ಲಿ ಹೋಯಿತು ಅಂತ ಗೊತ್ತಾಗುವವರೆಗೆ ಮಾಲು ಹೊರಗೆ ಬಿಡಬೇಡಿ. ಪುಡಿ ಕಡೆಯ ಬೇರಿಂಗುಗಳಿಗೆ ಎಚ್1 ಗುರುತಿನ ಫುಡ್ ಗ್ರೇಡ್ ಗ್ರೀಸ್, ಅದಕ್ಕೆ ಬೇರೆ ಬಣ್ಣದ ಗ್ರೀಸ್ ಗನ್. ಒಂದೇ ಗನ್ನಿನಲ್ಲಿ ಎರಡೂ ತುಂಬಿದರೆ ಫುಡ್ ಗ್ರೇಡ್ ಕೊಂಡ ದುಡ್ಡು ನೀರಿಗೆ ಹಾಕಿದ ಹಾಗೆ.

ಪಲ್ವರೈಸರ್ ಒಳಗೆ ತಿರುಗಿ ಬಡಿಯುವ ಬೀಟರ್ ಬಿಡಿಬಿಡಿಯಾಗಿ ಬೇಡ, ಪೂರಾ ಸೆಟ್ ಇಡಿ. ಹಳೆಯದರ ನಡುವೆ ಒಂದು ಹೊಸದು ಹಾಕಿದರೆ ತೂಕ ತಪ್ಪಿ ಮಷಿನ್ ನಡುಗುತ್ತದೆ, ಬೇರಿಂಗೂ ಹೋಗುತ್ತದೆ.

ಮರುಪ್ರಶ್ನೆ (ಬ್ಯಾಡಗಿಯಿಂದ):

ತುಂಬಾ ಉಪಕಾರ ಆಯಿತು ಸರ್. ಮಾಲೀಕರಿಗೆ ಹೇಗೆ ಒಪ್ಪಿಸಲಿ?

ಉತ್ತರ:

ಒಂದು ಹಾಳೆ ಸಾಕು. ವಿ ಗುಂಪಿನ ಸಾಮಾನಿನ ಹೆಸರು, ಬೆಲೆ, ತರಿಸಲು ಎಷ್ಟು ದಿನ, ಅಷ್ಟು ದಿನ ಲೈನ್ ನಿಂತರೆ ಎಷ್ಟು ಕ್ವಿಂಟಲ್ ಪುಡಿ ಹೋಯಿತು. ‘ಇದು ಬೇಡ’ ಅಂದರೆ ಅದರ ಮುಂದೆ ಅವರ ಕೈಯಲ್ಲೇ ‘ಬೇಡ’ ಅಂತ ಬರೆಸಿ. ಬರೆಯುವ ಹೊತ್ತಿಗೆ ಅವರೇ ಇನ್ನೊಮ್ಮೆ ಯೋಚಿಸುತ್ತಾರೆ. ಯಾವ ಮಷಿನ್ನಿಗೂ ಸೇರದ ಹಳೆ ಸಾಮಾನು ಮಾರಿ ಬಂದ ದುಡ್ಡನ್ನೂ ಅದೇ ಹಾಳೆಯಲ್ಲಿ ತೋರಿಸಿ. ಜನವರಿಯಿಂದ ಮೆಣಸಿನಕಾಯಿ ಆವಕ ಜೋರಾಗುತ್ತದೆ, ನಿಮಗೇ ಗೊತ್ತು. ಈ ಮಾತು ದೀಪಾವಳಿ ಒಳಗೆ ಮುಗಿಸಿಕೊಳ್ಳಿ.

ಇನ್ನೊಂದು ಪ್ರಶ್ನೆ (ಧಾರವಾಡದ ಬೇಕರಿ ಪ್ಲಾಂಟೊಂದರ ಸ್ಟೋರ್‌ನಿಂದ):

ಸರ್, ನಮ್ಮಲ್ಲಿ ಮೋಟರ್ ವೇಗ ಹೆಚ್ಚು ಕಮ್ಮಿ ಮಾಡುವ ಸ್ಪೇರ್ ವಿಎಫ್‌ಡಿ ಡ್ರೈವ್ ಮೂರು ವರ್ಷ ಡಬ್ಬಿಯಲ್ಲೇ ಇತ್ತು. ಹಾಕಿದ ತಕ್ಷಣ ಹೋಯಿತು. ಹೊಸದೇ ಆಗಿತ್ತು.

ಉತ್ತರ:

ತಂಗಿ, ಅದರೊಳಗಿನ ಕೆಪಾಸಿಟರ್‌ಗೆ ವರ್ಷಗಟ್ಟಲೆ ಕರೆಂಟ್ ಕಾಣಿಸದಿದ್ದರೆ ಹೀಗಾಗುವುದುಂಟು. ವರ್ಷಕ್ಕೊಮ್ಮೆ ಎಲೆಕ್ಟ್ರಿಶಿಯನ್ ಕೈಯಲ್ಲಿ ಪವರ್ ಕೊಡಿಸಿ ಡಬ್ಬಿ ಮೇಲೆ ತಾರೀಖು ಬರೆಯಿರಿ. ಅದಕ್ಕಿಂತ ಜಾಸ್ತಿ ದಿನ ಸುಮ್ನೆ ಬಿದ್ದಿದ್ದರೆ ಒಮ್ಮೆಗೇ ಪೂರ್ತಿ ವೋಲ್ಟೇಜ್ ಬೇಡ. ಮ್ಯಾನ್ಯುಯಲ್‌ನಲ್ಲಿ ಹೇಳಿದಂತೆ ಮೆಲ್ಲಗೆ ಏರಿಸಬೇಕು. ಸ್ಪೇರ್ ಮೋಟರ್ ಶಾಫ್ಟನ್ನು ತಿಂಗಳಿಗೊಮ್ಮೆ ಕೈಯಲ್ಲಿ ತಿರುಗಿಸಿ. ಬೆಲ್ಟ್, ಆಯಿಲ್ ಸೀಲುಗಳು ಕಿಟಕಿ ಬಿಸಿಲಿಗೆ ಬೀಳದಿರಲಿ.

ಇನ್ನೊಂದು ಪ್ರಶ್ನೆ (ಗದಗಿನ ಎಣ್ಣೆ ಮಿಲ್ಲಿನಿಂದ):

ಅಣ್ಣಾ, ಶೇಂಗಾ ಎಣ್ಣೆ ಲೈನಿನ ಓ-ರಿಂಗ್ ವಾರದಲ್ಲೇ ಉಬ್ಬಿಕೊಳ್ಳುತ್ತಿದೆ. ಸೈಜ್ ಸರಿಯಾಗೇ ಇದೆ.

ಉತ್ತರ:

ಸೈಜ್ ಸರಿ, ರಬ್ಬರ್ ತಪ್ಪಿರಬೇಕು. ಇಪಿಡಿಎಂ ರಬ್ಬರ್ ನೀರು, ಹಬೆಗೆ ಚೆನ್ನ. ಎಣ್ಣೆಯಲ್ಲಿ ಉಬ್ಬುತ್ತದೆ. ಫುಡ್ ಗ್ರೇಡ್ ನೈಟ್ರೈಲ್ ತರಿಸಿ, ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ. ಬಣ್ಣ ಒಂದೇ ಕಪ್ಪು. ಒಮ್ಮೆ ಬೆರೆತರೆ ಕಣ್ಣಲ್ಲಿ ನೋಡಿ ಬೇರೆ ಮಾಡಲಾಗದು. ಬೆರೆತಿದ್ದರೆ ಆ ಡಬ್ಬಿಯನ್ನು ಪೂರ್ತಿ ಎಸೆದುಬಿಡಿ.