2012ರಿಂದ ನಿಂತಿರುವ ಪದ್ಮಿನಿ: ನೇರವಾಗಿ ಸೆಲ್ಫ್ ಹೊಡೆಯಬಹುದಾ?

ಸಾಗರದವಳು:
ಎಲ್ಲರಿಗೂ ನಮಸ್ಕಾರ. ಅಪ್ಪನ 1984ರ ಪ್ರೀಮಿಯರ್ ಪದ್ಮಿನಿ ಕಾರು ನಮ್ಮ ಅಡಿಕೆ ಕೊಟ್ಟಿಗೆಯಲ್ಲಿ 2012ರಿಂದ ನಿಂತಿದೆ. ಆಗ ಚೆನ್ನಾಗಿಯೇ ಓಡುತ್ತಿತ್ತು. ಅಪ್ಪನಿಗೆ ಕಣ್ಣು ಮಂಜಾಯಿತು, ಹಾಗಾಗಿ ನಿಲ್ಲಿಸಿದರು. ಟ್ಯಾಂಕಿನಲ್ಲಿ ಆಗಿನ ಪೆಟ್ರೋಲೇ ಇದೆ. ತಮ್ಮ ಹೊಸ ಬ್ಯಾಟರಿ ತಂದಿದ್ದಾನೆ, ಭಾನುವಾರ ಸೆಲ್ಫ್ ಹೊಡೆಯೋಣ ಅನ್ನುತ್ತಾನೆ. ಟ್ರ್ಯಾಕ್ಟರಿಗೆ ಕಟ್ಟಿ ಎಳೆದರೆ ತಾನೇ ಸ್ಟಾರ್ಟ್ ಆಗುತ್ತದೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ನನಗ್ಯಾಕೋ ಧೈರ್ಯ ಬರುತ್ತಿಲ್ಲ. ಮೊದಲು ಏನು ಮಾಡಬೇಕು?

ಹಳೇ ಪಾನಾ:
ಎಳೆಸಬೇಡಮ್ಮ, ದಯವಿಟ್ಟು. ಸೆಲ್ಫ್ ಕೂಡ ಈಗಲೇ ಬೇಡ. ನಾನು ಕೆಲಸ ಕಲಿತದ್ದೇ ಪದ್ಮಿನಿಗಳ ಮೇಲೆ. ಆ 1089 ಸಿಸಿ ಎಂಜಿನ್ ಗಟ್ಟಿ ಜೀವ, ಸುಮ್ನೆ ನಿಂತದ್ದಕ್ಕೆ ಸಾಯುವುದಿಲ್ಲ. ಅವಸರ ಮಾಡಿದರೆ ಮಾತ್ರ ಕೆಡುತ್ತದೆ. ಮಲೆನಾಡಿನ ತೇವಕ್ಕೆ ಪಿಸ್ಟನ್ ರಿಂಗುಗಳು ತುಕ್ಕು ಹಿಡಿದು ಸಿಲಿಂಡರಿಗೆ ಅಂಟಿರಬಹುದು. ಟ್ರ್ಯಾಕ್ಟರ್ ಜೋರಿಗೆ ಎಳೆದರೆ ರಿಂಗ್ ಮುರಿದು, ಸಿಲಿಂಡರಿನ ಗೋಡೆಯನ್ನೇ ಗೀರಿಬಿಡುತ್ತದೆ.

ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಎಂಜಿನ್ ಆಯಿಲಿಗೆ ಸ್ವಲ್ಪ ಡೀಸೆಲ್ ಬೆರೆಸಿ ಪ್ರತಿ ಸಿಲಿಂಡರಿಗೂ ಒಂದೆರಡು ಚಮಚ ಬಿಡಿ. ಎರಡು ಮೂರು ದಿನ ನೆನೆಯಲಿ. ಆಮೇಲೆ ಗೇರು ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ ಮುಂದಿರುವ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಕೈಯಿಂದಲೇ ತಿರುಗಿಸಿ. ಪಾನಾಗೆ ಪೈಪ್ ಸೇರಿಸಿ ಜಗ್ಗಬೇಡಿ. ಎಲ್ಲಿ ತಡೆಯುತ್ತದೆ ಅನ್ನುವುದು ಕೈಗೆ ಗೊತ್ತಾಗಬೇಕು, ಅದಕ್ಕೇ ಕೈಯಿಂದ ಅಂದದ್ದು.

ಸಲೀಸಾಗಿ ಎರಡು ಪೂರ್ತಿ ಸುತ್ತು ತಿರುಗಿದರೆ ಹಳೇ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, ಹೊಸದು ತುಂಬಿ. ಇಳಿದ ಆಯಿಲ್ ಮಜ್ಜಿಗೆಯಂತೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದರ್ಥ, ಅಲ್ಲಿಗೇ ನಿಲ್ಲಿಸಿ. ಸರಿಯಿದ್ದರೆ ಕಿಡಿ ಹೊತ್ತದಂತೆ ಕಾಯಿಲ್ ವೈರ್ ಬಿಚ್ಚಿಟ್ಟು, ಪ್ಲಗ್ ಹಾಕದೆಯೇ ಸೆಲ್ಫ್ ಹೊಡೆಯಿರಿ. ಐದೈದು ಸೆಕೆಂಡ್ ಸಾಕು, ನಡುವೆ ಬಿಡುವು ಕೊಡಿ. ಬೇರಿಂಗುಗಳಲ್ಲಿ ಇಷ್ಟು ವರ್ಷದಲ್ಲಿ ಎಣ್ಣೆ ಉಳಿದಿರುವುದಿಲ್ಲ. ಆಯಿಲ್ ದೀಪ ಆರುವವರೆಗೂ ಪ್ಲಗ್ ಹಾಕುವ ಮಾತೇ ಬೇಡ.

ಟ್ಯಾಂಕಿನ ಪೆಟ್ರೋಲ್ ಒಂದು ತೊಟ್ಟೂ ಕಾರ್ಬರೇಟರಿಗೆ ಹೋಗಬಾರದು. ಅಷ್ಟು ಹಳೇ ಪೆಟ್ರೋಲ್ ಅಂಟಾಗಿ ಅದರ ಜೆಟ್‌ಗಳನ್ನು, ಅಂದರೆ ಪೆಟ್ರೋಲ್ ಹೋಗುವ ಸಣ್ಣ ತೂತುಗಳನ್ನು, ಮುಚ್ಚುತ್ತದೆ. ಸದ್ಯಕ್ಕೆ ಸಣ್ಣ ಕ್ಯಾನಿನಿಂದ ಹೊಸ ಪೆಟ್ರೋಲ್ ಕೊಡಿ. ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿ. ಈಗಿನ ಪೆಟ್ರೋಲಿನಲ್ಲಿ 20% ಎಥನಾಲ್ ಇರುತ್ತದೆ, ಆ ಕಾಲದ ರಬ್ಬರ್ ಅದಕ್ಕೆ ತಡೆಯುವುದಿಲ್ಲ. ಎಂಜಿನ್ನಿನ ಪೆಟ್ರೋಲ್ ಪಂಪಿನೊಳಗಿನ ಪೊರೆ, ಡಯಾಫ್ರಂ, ಕೂಡ ಒಣಗಿ ಬಿರಿದಿರುತ್ತದೆ. ಹಾಗಾದರೆ ಪೆಟ್ರೋಲ್ ಒಳಗಿಂದೊಳಗೇ ಆಯಿಲಿಗೆ ಇಳಿಯುತ್ತದೆ. ಸ್ಟಾರ್ಟ್ ಆದಮೇಲೆ ಆಯಿಲ್ ಅಳೆಯುವ ಡಿಪ್‌ಸ್ಟಿಕ್ಕಿಗೆ ಪೆಟ್ರೋಲ್ ವಾಸನೆ ಬರುತ್ತದಾ ಅಂತ ಮೂಸಿ ನೋಡುತ್ತಿರಿ.

ಘಟ್ಟದ ಕೆಳಗಿನವ:
ಏರ್ ಕ್ಲೀನರ್ ಬಿಚ್ಚಿ ನೋಡಿ. ಅಡಿಕೆ ಕೊಟ್ಟಿಗೆ ಅಂದರೆ ಇಲಿ ಗೂಡು ಇದ್ದೇ ಇರುತ್ತದೆ. ಸೈಲೆನ್ಸರ್ ಪೈಪಿನೊಳಗೂ ಕಟ್ಟುತ್ತವೆ. ಇಲಿ ಕಡಿದ ವೈರ್ ಇದ್ದರೆ ಬ್ಯಾಟರಿ ಜೋಡಿಸಿದ ಕ್ಷಣವೇ ಬೆಂಕಿ ಹೊತ್ತಬಹುದು, ಅದನ್ನು ಮೊದಲು ನೋಡಿ. ಸ್ಟಾರ್ಟ್ ಮಾಡುವಾಗ ಗಾಡಿಯನ್ನು ಕೊಟ್ಟಿಗೆಯಿಂದ ಹೊರಗೆ ತಳ್ಳಿ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

ಇನ್ನೊಂದು, ಬ್ರೇಕ್. ಎಂಜಿನ್ ಶುರುವಾದ ಖುಷಿಗೆ ರಸ್ತೆಗೆ ಇಳಿಸಬೇಡಿ. ಬ್ರೇಕ್ ಆಯಿಲ್ ತೇವ ಹೀರಿ, ಚಕ್ರದ ಬಳಿ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ತುಕ್ಕು ಹಿಡಿದಿರುತ್ತದೆ.

ಸಾಗರದವಳು:
ತುಂಬಾ ಥ್ಯಾಂಕ್ಸ್. ಟ್ರ್ಯಾಕ್ಟರ್ ಬೇಡ ಅಂದೆ, ತಮ್ಮನೂ ಒಪ್ಪಿದ. ಎಣ್ಣೆ ಬಿಟ್ಟು ನೆನೆಸಿದೆವು. ಇವತ್ತು ಪಾನಾ ಹಾಕಿದಾಗ ಅರ್ಧ ಸುತ್ತು ಮೆತ್ತಗೆ ತಿರುಗಿತು, ಆಮೇಲೆ ಟಕ್ ಅಂತ ನಿಂತಿತು. ಹಿಂದಕ್ಕೆ ತಿರುಗುತ್ತದೆ, ಮುಂದಕ್ಕೆ ಮತ್ತೆ ಅಲ್ಲೇ ನಿಲ್ಲುತ್ತದೆ. ಅಪ್ಪ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು, ಬಲ ಹಾಕಬೇಡ ಅಂದರು.

ಹಳೇ ಪಾನಾ:
ಅಪ್ಪ ಸರಿಯಾಗಿ ಹೇಳಿದರು. ಅರ್ಧ ಸುತ್ತು ತಿರುಗಿತು ಅಂದರೆ ರಿಂಗ್ ಬಿಟ್ಟಿದೆ, ಅದು ಒಳ್ಳೇ ಸುದ್ದಿ. ಟಕ್ ಅನ್ನುವುದು ಬಹುಶಃ ತೆರೆದು ಅಂಟಿಕೊಂಡಿರುವ ವಾಲ್ವ್. ಪಿಸ್ಟನ್ ಮೇಲೆ ಬಂದು ಅದಕ್ಕೆ ತಾಗುತ್ತಿರಬಹುದು. ಬಲ ಹಾಕಿದರೆ ವಾಲ್ವ್ ಬಾಗುತ್ತದೆ. ಎಂಜಿನ್ ಮೇಲಿರುವ ಟ್ಯಾಪೆಟ್ ಕವರ್ ಬಿಚ್ಚಿ. ವಾಲ್ವ್ ಒತ್ತುವ ಎಂಟು ರಾಕರ್‌ಗಳಲ್ಲಿ ಯಾವುದು ಸಡಿಲವಾಗಿ ಜಾಸ್ತಿ ಅಲ್ಲಾಡುತ್ತದೆ ನೋಡಿ. ಅದರ ವಾಲ್ವ್ ಕಾಂಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಎಂಜಿನನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ ಪಿಸ್ಟನ್ ಕೆಳಗಿಳಿಸಿ. ಆಮೇಲೆ ವಾಲ್ವ್ ತಲೆಗೆ ಮರದ ತುಂಡಿಟ್ಟು ಮೆಲ್ಲಗೆ ತಟ್ಟಿ. ಸ್ಪ್ರಿಂಗಿನ ಜೊತೆ ಮೇಲೆ ಬಂದರೆ ಗೆದ್ದಿರಿ. ಬರದಿದ್ದರೆ ವಾಲ್ವ್‌ಗಳಿರುವ ಎಂಜಿನ್ ಹೆಡ್ಡನ್ನೇ ಇಳಿಸಬೇಕಾಗುತ್ತದೆ. ಕವರ್ ಬಿಚ್ಚಿದ ಮೇಲೆ ಒಂದು ಫೋಟೋ ಹಾಕಮ್ಮ, ನೋಡಿ ಹೇಳುತ್ತೇನೆ.