22 ಕಂಪ್ಯೂಟರ್‌ಗಳ ಅಂಗಡಿಗೆ ಯಾವ ಸರ್ವರ್ ಓಎಸ್ (ಆಪರೇಟಿಂಗ್ ಸಿಸ್ಟಂ) ಹಾಕಿಸಲಿ? ಬಳಸಿದವರು ಹೇಳಿ

ಪ್ರಶ್ನೆ, ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು ಹಾರ್ಡ್‌ವೇರ್ ಸಾಮಾನಿನ ಹೋಲ್‌ಸೇಲ್ ವ್ಯಾಪಾರ. ಅಂಗಡಿ, ಗೋಡೌನ್ ಸೇರಿ 22 ಕಂಪ್ಯೂಟರ್ ಇವೆ. ಬಿಲ್ಲಿಂಗ್ ಸಾಫ್ಟ್‌ವೇರ್‌ನ ಡೇಟಾ ಮೈಕ್ರೋಸಾಫ್ಟ್‌ನ ಉಚಿತ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್‌ನಲ್ಲಿದೆ. ಲೆಕ್ಕಕ್ಕೆ ಟ್ಯಾಲಿ. ರೇಟ್ ಲಿಸ್ಟು, ಕೊಟೇಶನ್ನು, ಸ್ಕ್ಯಾನ್ ಮಾಡಿದ ಬಿಲ್ಲು ಅಂತ ಎಲ್ಲರೂ ತೆರೆಯುವ ಫೈಲುಗಳೂ ಇವೆ. ಸರ್ವರ್‌ನಲ್ಲಿ ಇನ್ನೂ ವಿಂಡೋಸ್ ಸರ್ವರ್ 2012 ಆರ್2 ಓಡುತ್ತಿದೆ. ಹೊಸದು ತಗೊಳ್ಳಬೇಕು. ಮಾರುವವರು ವಿಂಡೋಸ್ ಸರ್ವರ್ 2025 ಹಾಕಿಸಿ ಅಂತಾರೆ. ನನ್ನ ಸೋದರಳಿಯ ಫ್ರೀ ಸಿಗುವ ಲಿನಕ್ಸ್ ಹಾಕಿದರೆ ಆ ದುಡ್ಡೆಲ್ಲ ಉಳಿಯುತ್ತೆ ಮಾಮ ಅಂತಾನೆ. ಇದನ್ನೆಲ್ಲ ನೋಡಿಕೊಳ್ಳಲು ನಮ್ಮಲ್ಲಿ ಬೇರೆ ಜನ ಇಲ್ಲ. ದಯವಿಟ್ಟು ನಿಮ್ಮ ಅನುಭವ ಹೇಳಿ.

ಹುಬ್ಬಳ್ಳಿಯಿಂದ

ಸರ್, ಹದಿನೈದು ವರ್ಷದಿಂದ ಸಣ್ಣ ಫ್ಯಾಕ್ಟರಿ, ಅಂಗಡಿಗಳ ಸರ್ವರ್ ನೋಡಿಕೊಳ್ಳುತ್ತಿದ್ದೇನೆ. ವಿಂಡೋಸ್ ಒಳ್ಳೆಯದೋ ಲಿನಕ್ಸ್ ಒಳ್ಳೆಯದೋ ಅಂತ ನಾನು ಮೊದಲು ಕೇಳುವುದಿಲ್ಲ. ಎರಡು ವಿಷಯ ಕೇಳುತ್ತೇನೆ. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನವರು ಯಾವುದರ ಮೇಲೆ ಸಪೋರ್ಟ್ ಕೊಡುತ್ತಾರೆ? ಸೋಮವಾರ ಬೆಳಿಗ್ಗೆ ಸರ್ವರ್ ನಿಂತರೆ ಒಂದು ಗಂಟೆಯೊಳಗೆ ಬರುವವರು ಯಾರು, ಅವರಿಗೆ ಯಾವುದು ಗೊತ್ತು? ಇವೆರಡಕ್ಕೂ ಉತ್ತರ ಸಿಕ್ಕರೆ ಓಎಸ್ ತಾನಾಗಿಯೇ ತೀರ್ಮಾನ ಆಗುತ್ತದೆ.

ಟ್ಯಾಲಿ ವಿಂಡೋಸ್‌ಗೆಂದೇ ಮಾಡಿದ್ದು. ಎಸ್‌ಕ್ಯೂಎಲ್ ಸರ್ವರ್ 2017ರಿಂದ ಲಿನಕ್ಸ್ ಮೇಲೂ ಓಡುತ್ತದೆ, ಅದು ನಿಜ. ಆದರೆ ನಿಮ್ಮ ಬಿಲ್ಲಿಂಗ್‌ನವರು ಅದನ್ನು ಅಲ್ಲಿ ಪರೀಕ್ಷೆ ಮಾಡಿರದಿದ್ದರೆ ಮೊದಲ ತೊಂದರೆಗೇ 'ನಮ್ಮ ಕಡೆಯಿಂದ ಸರಿ ಇದೆ' ಅಂತ ಕೈ ತೊಳೆದುಕೊಳ್ಳುತ್ತಾರೆ. ಹಾಗಾಗಿ ಬಿಲ್ಲಿಂಗ್ ಮತ್ತು ಟ್ಯಾಲಿಗೆ ವಿಂಡೋಸ್ ಇರಲಿ. ಫೈಲುಗಳಿಗೆ ಮತ್ತು ಬ್ಯಾಕಪ್‌ಗೆ ಲಿನಕ್ಸ್ ಧಾರಾಳವಾಗಿ ಸಾಕು. ಡೆಬಿಯನ್ ಅನ್ನುವ ಲಿನಕ್ಸ್ ಮೇಲೆ ಫೈಲ್ ಹಂಚುವ ಸಾಂಬಾ ಸಾಫ್ಟ್‌ವೇರ್ ಹಾಕಿದರೆ ನಿಮ್ಮ ವಿಂಡೋಸ್ ಕಂಪ್ಯೂಟರ್‌ಗಳಿಗೆ ಅದು ಮಾಮೂಲಿ ಶೇರ್ಡ್ ಫೋಲ್ಡರ್ ಥರಾನೇ ಕಾಣುತ್ತದೆ.

ಈಗ ಬೆಲೆಯ ವಿಷಯ. ಇಲ್ಲಿ ತುಂಬಾ ಜನ ಎಡವುತ್ತಾರೆ. ವಿಂಡೋಸ್ ಸರ್ವರ್‌ಗೆ ಯಂತ್ರದ ಕೋರ್ (ಪ್ರೊಸೆಸರ್ ಒಳಗಿನ ಕೆಲಸ ಮಾಡುವ ಘಟಕ) ಲೆಕ್ಕದಲ್ಲಿ ಲೈಸೆನ್ಸ್. ಪ್ರೊಸೆಸರ್‌ನಲ್ಲಿ 8 ಕೋರ್ ಇದ್ದರೂ ಸ್ಟ್ಯಾಂಡರ್ಡ್ ಆವೃತ್ತಿಗೆ ಕನಿಷ್ಠ 16 ಕೋರ್‌ಗೆ ಕೊಡಬೇಕು. 24 ಕೋರ್ ಇದ್ದರೆ 24ಕ್ಕೂ ಕೊಡಬೇಕು. ಮಾರುವವರು ದೊಡ್ಡ ಪ್ರೊಸೆಸರ್ ತೋರಿಸಿದರೆ ಓಎಸ್ ಬಿಲ್ಲೂ ಅದರ ಜೊತೆಗೇ ಏರುತ್ತದೆ, ನೆನಪಿರಲಿ. ಅದರ ಮೇಲೆ ಕ್ಯಾಲ್ ಅಂತ ಇನ್ನೊಂದು ಲೈಸೆನ್ಸ್. ಸರ್ವರ್ ಬಳಸುವ ಪ್ರತಿ ಮನುಷ್ಯನಿಗೋ ಪ್ರತಿ ಕಂಪ್ಯೂಟರ್‌ಗೋ ಒಂದೊಂದು. ಒಂದೇ ಕಂಪ್ಯೂಟರ್‌ನಲ್ಲಿ ಇಬ್ಬರು ಮೂವರು ಕೂರುವ ಅಂಗಡಿಗೆ ಕಂಪ್ಯೂಟರ್ ಲೆಕ್ಕದ್ದೇ ಅಗ್ಗ. ಕೊಟೇಶನ್‌ನಲ್ಲಿ ಕ್ಯಾಲ್ ಸೇರಿದೆಯಾ ಅಂತ ಬರವಣಿಗೆಯಲ್ಲೇ ಕೇಳಿ.

ಎಸೆನ್ಷಿಯಲ್ಸ್ ಅಂತ ಒಂದು ಆವೃತ್ತಿಯೂ ಇದೆ. 25 ಜನ, 50 ಕಂಪ್ಯೂಟರ್‌ಗಳವರೆಗೆ ಕ್ಯಾಲ್ ಬೇಡ. 2022ರ ಎಸೆನ್ಷಿಯಲ್ಸ್ ಯಂತ್ರದ ಜೊತೆಗೇ ಬರುತ್ತದೆ. ಒಂದೇ ಪ್ರೊಸೆಸರ್, 10 ಕೋರ್ ದಾಟುವಂತಿಲ್ಲ. ನಿಮ್ಮಷ್ಟು ದೊಡ್ಡ ಅಂಗಡಿಗೆ ಇದು ಚೆನ್ನಾಗಿ ಹೊಂದುತ್ತದೆ. ಇದರಲ್ಲಿ ಲಾಭ ಕಡಿಮೆ ಅಂತಲೋ ಏನೋ, ಮಾರುವವರು ತಾವಾಗಿ ಇದರ ಹೆಸರು ಎತ್ತಿದ್ದನ್ನು ನಾನು ನೋಡಿಲ್ಲ. ನೀವೇ ಕೇಳಿ.

ಇನ್ನೊಂದು ಮಾತು. 2012 ಆರ್2ಗೆ ಮಾಮೂಲಿ ಸಪೋರ್ಟ್ (ಭದ್ರತಾ ಅಪ್‌ಡೇಟ್) 2023ರ ಅಕ್ಟೋಬರ್ 10ಕ್ಕೇ ಮುಗಿದಿದೆ. ಹೊಸ ಸರ್ವರ್ ಬರುವವರೆಗೆ ಅದನ್ನು ಇಂಟರ್ನೆಟ್‌ಗೆ ತೆರೆದು ಇಡಬೇಡಿ.

ಮಂಗಳೂರಿನಿಂದ

ನಮ್ಮದು ಗೋಡಂಬಿ ವ್ಯವಹಾರ. ಇಆರ್‌ಪಿ (ಖರೀದಿ, ಸ್ಟಾಕ್, ಲೆಕ್ಕ ಎಲ್ಲ ಒಂದೇ ಕಡೆ ನೋಡುವ ಸಾಫ್ಟ್‌ವೇರ್) ಪೂರ್ತಿ ಲಿನಕ್ಸ್ ಮೇಲೆ ನಡೆಯುತ್ತದೆ. ನನಗೆ ಅದರ ಮೇಲೆ ಪ್ರೀತಿಯೂ ಇದೆ, ನಂಬಿಕೆಯೂ ಇದೆ. ಆದರೂ 'ಫ್ರೀ' ಅನ್ನುವ ಒಂದೇ ಮಾತಿಗೆ ಮರುಳಾಗಬೇಡಿ.

ನಾವು 2020ರಲ್ಲಿ ಸೆಂಟ್ ಓಎಸ್ 8 ಅನ್ನುವ ಫ್ರೀ ಲಿನಕ್ಸ್ ಹಾಕಿದೆವು. 2029ರವರೆಗೆ ಅಪ್‌ಡೇಟ್ ಬರುತ್ತದೆ, ಒಂಬತ್ತು ವರ್ಷ ತಲೆನೋವಿಲ್ಲ ಅಂದುಕೊಂಡಿದ್ದೆವು. ಅದೇ ಡಿಸೆಂಬರ್‌ನಲ್ಲಿ ಸುದ್ದಿ ಬಂತು: ಸೆಂಟ್ ಓಎಸ್ 8 ಅನ್ನು 2021ರ ಡಿಸೆಂಬರ್ 31ಕ್ಕೇ ನಿಲ್ಲಿಸುತ್ತಾರೆ. ಆ ವರ್ಷವೆಲ್ಲ ಎಲ್ಲಿಗೆ ಹೋಗುವುದು ಅನ್ನುವ ಯೋಚನೆಯಲ್ಲೇ ಕಳೆಯಿತು. ಕೊನೆಗೆ ಅದರಂಥದ್ದೇ ಆದ ಆಲ್ಮಾಲಿನಕ್ಸ್‌ಗೆ ಬದಲಾಯಿಸಿದೆವು. ರಾಕಿ ಲಿನಕ್ಸ್ ಕೂಡ ಆಗಲೇ ಬಂತು. ಸೆಂಟ್ ಓಎಸ್ ಶುರು ಮಾಡಿದವರಲ್ಲಿ ಒಬ್ಬರಾದ ಗ್ರೆಗರಿ ಕರ್ಟ್ಜರ್ ಅವರೇ ಅದನ್ನು ಆರಂಭಿಸಿದ್ದು. ಬದಲಾವಣೆಗೆ ಒಂದು ಭಾನುವಾರ ಸಾಕಾಯಿತು. ಅದಕ್ಕೆ ಮುಂಚೆ ಬೇರೆ ಯಂತ್ರದಲ್ಲಿ ಮೂರು ಸಲ ಮಾಡಿ ನೋಡಿದ್ದೆವು.

ಹಾಗಾಗಿ ಲಿನಕ್ಸ್ ಆರಿಸುವಾಗ ಅದರ ಹಿಂದೆ ಯಾರಿದ್ದಾರೆ, ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಅನ್ನುವುದನ್ನು ನೋಡಿ. ಉಬುಂಟು ಲಿನಕ್ಸ್‌ನ ಎಲ್‌ಟಿಎಸ್ (ಹೆಚ್ಚು ವರ್ಷ ಅಪ್‌ಡೇಟ್ ಸಿಗುವ ಆವೃತ್ತಿ) ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ, ಐದು ವರ್ಷ ಅಪ್‌ಡೇಟ್ ಸಿಗುತ್ತದೆ. ಡೆಬಿಯನ್ ಯಾವ ಕಂಪನಿಯ ಸ್ವತ್ತೂ ಅಲ್ಲ, ಸ್ವಯಂಸೇವಕರು ನಡೆಸುವುದು. ಅಲ್ಲೂ ಎಲ್‌ಟಿಎಸ್ ಸೇರಿ ಸುಮಾರು ಐದು ವರ್ಷ. ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್‌ನದು ಹತ್ತು ವರ್ಷ, ಅದಕ್ಕೆ ಪ್ರತಿ ವರ್ಷ ದುಡ್ಡು ಕಟ್ಟಬೇಕು. ಫೋನ್ ಎತ್ತಿ ಕೇಳಲು ಯಾರಾದರೂ ಇರಲೇಬೇಕು ಅನ್ನುವ ದೊಡ್ಡ ಕಂಪನಿಗೆ ಆ ದುಡ್ಡು ದಂಡ ಅಲ್ಲ.

ಮೈಸೂರಿನಿಂದ

ಅಣ್ಣಾ, ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಒಂದು ವಿಷಯ ಯಾರೂ ಹೇಳಿಲ್ಲ. ಗೋಡೌನ್‌ನಿಂದಲೋ ಮನೆಯಿಂದಲೋ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಟ್ಯಾಲಿ ತೆರೆಯುತ್ತೀರಾ? ವಿಂಡೋಸ್ ಸರ್ವರ್‌ನಲ್ಲಿ ಸುಮ್ನೆ ಸಿಗುವುದು ಎರಡೇ ರಿಮೋಟ್ ಸೆಷನ್, ಅದೂ ಸರ್ವರ್ ನೋಡಿಕೊಳ್ಳುವವರಿಗಾಗಿ. ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡಬೇಕಾದರೆ ರಿಮೋಟ್ ಡೆಸ್ಕ್‌ಟಾಪ್‌ಗೆಂದೇ ಇರುವ ಆರ್‌ಡಿಎಸ್ ಕ್ಯಾಲ್ ಬೇರೆಯೇ ತಗೊಳ್ಳಬೇಕು. ಮೊದಲ 120 ದಿನ ಅದಿಲ್ಲದೆಯೂ ನಡೆಯುತ್ತದೆ. ನಮ್ಮ ಆಫೀಸಿನಲ್ಲಿ ಸರ್ವರ್ ಹಾಕಿದವರು ಇದನ್ನು ಹೇಳಿರಲಿಲ್ಲ. 121ನೇ ದಿನ ಯಾರೂ ಒಳಗೆ ಹೋಗಲು ಆಗಲಿಲ್ಲ. ಅದು ರಿಟರ್ನ್ ಸಲ್ಲಿಸುವ ವಾರ. ಆ ವಾರದ ಒದ್ದಾಟ ಬೇರೆ ಯಾರಿಗೂ ಬೇಡ.

ಶಿರಸಿಯಿಂದ

ಓಎಸ್‌ಗಿಂತ ಬ್ಯಾಕಪ್ ಬಗ್ಗೆ ಹೇಳಬೇಕು ಅನ್ನಿಸಿತು. ನಾನು ನೋಡಿಕೊಳ್ಳುತ್ತಿದ್ದ ಒಂದು ಅಡಿಕೆ ಮಂಡಿಯಲ್ಲಿ ರೌಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್ ತೆರೆದಿಟ್ಟಿದ್ದರು, ಮನೆಯಿಂದ ಸರ್ವರ್ ನೋಡಲು. ಪಾಸ್‌ವರ್ಡ್ ಅಂಗಡಿಯ ಹೆಸರೇ. ಒಂದು ದಿನ ಬೆಳಿಗ್ಗೆ ಬಂದು ನೋಡಿದರೆ ಎಲ್ಲ ಫೈಲಿನ ಹೆಸರೂ ಬದಲಾಗಿತ್ತು, ದುಡ್ಡು ಕೊಡಿ ಅಂತ ಒಂದು ಓಲೆ. ಬ್ಯಾಕಪ್‌ಗೆಂದು ಇಟ್ಟಿದ್ದ ಡಿಸ್ಕು ಸರ್ವರ್‌ಗೇ ಸಿಕ್ಕಿಸಿತ್ತು, ಅದೂ ಹೋಗಿತ್ತು. ಮಾಲೀಕರ ಮನೆಯ ಬೀರುವಿನಲ್ಲಿ ಇನ್ನೊಂದು ಡಿಸ್ಕ್ ಇತ್ತು. ಅದರಲ್ಲಿ ಇದ್ದದ್ದು ಒಂಬತ್ತು ದಿನ ಹಳೆಯ ಡೇಟಾ. ಆ ಒಂಬತ್ತು ದಿನದ ಬಿಲ್ಲುಗಳನ್ನು ಕಾಗದದ ಪ್ರತಿ ನೋಡಿ ನಾಲ್ಕು ಜನ ಕೂತು ಮತ್ತೆ ಹೊಡೆದೆವು.

ಅಂದಿನಿಂದ ನಾನು ಮಾಡುವುದು ಹೀಗೆ. ಹಳೆಯ ಒಂದು ಯಂತ್ರಕ್ಕೆ ಡೆಬಿಯನ್ ಹಾಕಿ ಬ್ಯಾಕಪ್‌ಗೇ ಮೀಸಲಿಡುತ್ತೇನೆ. ವಿಂಡೋಸ್ ಸರ್ವರ್ ಅಲ್ಲಿಗೆ ಡೇಟಾ ಕಳಿಸುವುದಿಲ್ಲ. ಆ ಯಂತ್ರವೇ ರಾತ್ರಿ ಬಂದು ಎಳೆದುಕೊಂಡು ಹೋಗುತ್ತದೆ. ಅದರ ಪಾಸ್‌ವರ್ಡ್ ವಿಂಡೋಸ್‌ನಲ್ಲಿ ಎಲ್ಲೂ ಇರುವುದಿಲ್ಲ. ವಿಂಡೋಸ್ ಹಾಳಾದರೂ ವೈರಸ್‌ಗೆ ಅಲ್ಲಿಗೆ ಹೋಗುವ ದಾರಿ ಸುಲಭಕ್ಕೆ ಸಿಗುವುದಿಲ್ಲ. ಹೊರಗಿನಿಂದ ಬರುವವರಿಗೆ ವಿಪಿಎನ್ (ಇಂಟರ್ನೆಟ್ ಮೂಲಕವೇ ಬರುವ ಖಾಸಗಿ ದಾರಿ) ಒಂದೇ ಬಾಗಿಲು. ಲಿನಕ್ಸ್ ಅಂದ ತಕ್ಷಣ ಭದ್ರ ಅಂದುಕೊಳ್ಳುವುದೂ ತಪ್ಪು. ದೂರದಿಂದ ಲಾಗಿನ್ ಆಗುವ 22ನೇ ಪೋರ್ಟ್ ತೆರೆದು ಸುಲಭದ ಪಾಸ್‌ವರ್ಡ್ ಇಟ್ಟರೆ ಅಲ್ಲೂ ಇದೇ ಗತಿ.

ಹಾಗೆಯೇ, ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ದಾಳಿ ಗೊತ್ತಾದ 6 ಗಂಟೆಯೊಳಗೆ ಕಂಪನಿಗಳು ಅವರಿಗೆ ತಿಳಿಸಬೇಕು, ಲಾಗ್‌ಗಳನ್ನು (ಯಂತ್ರದಲ್ಲಿ ಯಾವಾಗ ಏನಾಯಿತು ಅನ್ನುವ ದಾಖಲೆ) 180 ದಿನ ಇಡಬೇಕು. ಯಾವ ಓಎಸ್ ಹಾಕಿದರೂ ಲಾಗ್ ಬೇಗ ಅಳಿಸಿಹೋಗದ ಹಾಗೆ ಮೊದಲೇ ಹೊಂದಿಸಿ.

ಬೆಂಗಳೂರಿನಿಂದ

ಬಿಲ್ಲಿನಲ್ಲಿ ಗಿರಾಕಿಗಳ ಹೆಸರು, ಸಾಮಾನಿನ ಹೆಸರು ಕನ್ನಡದಲ್ಲಿ ಬರಬೇಕು ಅಂತ ಆಸೆ ಇದ್ದರೆ ಸರ್ವರ್ ಬದಲಾಯಿಸುವ ಹೊತ್ತೇ ಸರಿಯಾದ ಹೊತ್ತು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಹೆಸರಿನ ಕಾಲಂ ವಾರ್‌ಚಾರ್ ಅನ್ನುವ ಬಗೆಯದಾಗಿದ್ದರೆ ಮಾಮೂಲಿ ಸೆಟ್ಟಿಂಗ್‌ನಲ್ಲಿ ಕನ್ನಡ ಅಕ್ಷರವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತದೆ. ಅದನ್ನು ಯೂನಿಕೋಡ್ ಹಿಡಿಸುವ ಎನ್‌ವಾರ್‌ಚಾರ್ ಮಾಡಿಸಿ. ಮರಿಯಾಡಿಬಿ ಡೇಟಾಬೇಸ್ ಬಳಸುವವರು ಅಕ್ಷರದ ಸೆಟ್ಟಿಂಗ್ ಯುಟಿಎಫ್8ಎಂಬಿ4 ಇಟ್ಟುಕೊಳ್ಳಿ. ಇದರಲ್ಲಿ ಓಎಸ್‌ನ ತಪ್ಪೇನೂ ಇಲ್ಲ. ನಮ್ಮ ಗಿರಾಕಿಯೊಬ್ಬರು 'ಲಿನಕ್ಸ್‌ಗೆ ಹೋದರೆ ಕನ್ನಡ ಸರಿಹೋಗುತ್ತಾ' ಅಂತ ಕೇಳಿದ್ದರು, ಅದಕ್ಕೇ ಹೇಳಿದೆ. ಹಳೆಯ ನುಡಿ ಫಾಂಟಿನಲ್ಲಿ ಹೊಡೆದ ಡೇಟಾ ಇದ್ದರೆ ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ.

ದಾವಣಗೆರೆಯಿಂದ, ಹತ್ತು ದಿನದ ಮೇಲೆ

ಎಲ್ಲರಿಗೂ ಕೈ ಮುಗಿದು ಧನ್ಯವಾದ. ನೀವು ಹೇಳಿದ ಹಾಗೆ ಒಂದೊಂದೇ ವಿಚಾರಿಸಿದೆ. ಬಿಲ್ಲಿಂಗ್‌ನವರು ವಿಂಡೋಸ್ ಬಿಟ್ಟು ಬೇರೆ ಯಾವುದರ ಮೇಲೂ ಸಪೋರ್ಟ್ ಇಲ್ಲ ಅಂದರು. ಎಸೆನ್ಷಿಯಲ್ಸ್ ಕೇಳಿದೆ, ಸಿಗುತ್ತದೆ. ಆದರೆ ಮುಂದಿನ ವರ್ಷ ಹರಿಹರದಲ್ಲಿ ಇನ್ನೊಂದು ಅಂಗಡಿ ತೆರೆಯುವ ಯೋಚನೆ ಇದೆ, ಆಗ 25 ಜನ ದಾಟುತ್ತೇವೆ. ಅದಕ್ಕೇ ಸ್ಟ್ಯಾಂಡರ್ಡ್ ತಗೊಳ್ಳುತ್ತಿದ್ದೇನೆ, 16 ಕೋರ್ ಯಂತ್ರ, ಕಂಪ್ಯೂಟರ್ ಲೆಕ್ಕದ ಕ್ಯಾಲ್. ಮೊದಲ ಕೊಟೇಶನ್‌ನಲ್ಲಿ ಕ್ಯಾಲ್ ಇರಲೇ ಇಲ್ಲ! ಹಳೆಯ ಸರ್ವರ್‌ಗೆ ಸೋದರಳಿಯ ಡೆಬಿಯನ್ ಹಾಕಿಕೊಡುತ್ತಾನೆ, ಬ್ಯಾಕಪ್‌ಗೆ. ಡೇಟಾಬೇಸ್ ಈಗ 7 ಜಿಬಿ ಹತ್ತಿರ ಇದೆ. ಇದಕ್ಕೇನಾದರೂ ಮಿತಿ ಇದೆಯಾ?

ಹುಬ್ಬಳ್ಳಿಯಿಂದ

ಇದೆ ಸರ್, ಕೇಳಿದ್ದು ಒಳ್ಳೆಯದಾಯಿತು. ಎಸ್‌ಕ್ಯೂಎಲ್ ಎಕ್ಸ್‌ಪ್ರೆಸ್‌ನಲ್ಲಿ 2022ರ ಆವೃತ್ತಿಯವರೆಗೆ ಒಂದು ಡೇಟಾಬೇಸ್‌ಗೆ 10 ಜಿಬಿ ಮಿತಿ. ಅದು ತುಂಬಿದ ದಿನ ಹೊಸ ಬಿಲ್ ಸೇವ್ ಆಗುವುದಿಲ್ಲ. ಹಳೆಯ ವರ್ಷಗಳ ಡೇಟಾ ಬೇರೆ ಡೇಟಾಬೇಸ್‌ಗೆ ತೆಗೆದಿಡಲು ಬರುತ್ತದಾ ಅಂತ ಬಿಲ್ಲಿಂಗ್‌ನವರನ್ನು ಈಗಲೇ ಕೇಳಿ.

ಹಳೆಯ ಸರ್ವರ್‌ನ ಯಂತ್ರ ಇರಲಿ, ಅದರ ಡಿಸ್ಕುಗಳನ್ನು ಮಾತ್ರ ಹೊಸದು ಹಾಕಿಸಿ. ಯುಪಿಎಸ್‌ನ ಯುಎಸ್‌ಬಿ ತಂತಿಯನ್ನು ಹೊಸ ಸರ್ವರ್‌ಗೆ ಜೋಡಿಸಿ, ಕರೆಂಟ್ ಹೋಗಿ ಬ್ಯಾಟರಿ ಇಳಿದರೆ ತಾನೇ ಶಟ್‌ಡೌನ್ ಆಗುವ ಹಾಗೆ ಮಾಡಿ. ಅಮಾವಾಸ್ಯೆ ದಿನ ಅಂಗಡಿ ಪೂಜೆ ಮುಗಿದ ಮೇಲೆ ವ್ಯಾಪಾರ ಸ್ವಲ್ಪ ಕಡಿಮೆ ಇರುತ್ತದೆ ಅಲ್ವಾ? ತಿಂಗಳಿಗೊಮ್ಮೆ ಅವತ್ತೇ ಬ್ಯಾಕಪ್‌ನಿಂದ ಡೇಟಾ ತೆಗೆದು ಬೇರೆ ಕಂಪ್ಯೂಟರ್‌ನಲ್ಲಿ ಹಾಕಿ, ಹಿಂದಿನ ದಿನದ ಕೊನೆಯ ಬಿಲ್ ನಂಬರ್ ಬರುತ್ತದಾ ನೋಡಿ. ಸೋದರಳಿಯ ಊರಲ್ಲಿ ಇಲ್ಲದಾಗಲೂ ನೀವೇ ಮಾಡಲು ಬರುವ ಹಾಗೆ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಸಿ ಗಲ್ಲಾಪೆಟ್ಟಿಗೆ ಹತ್ತಿರ ಅಂಟಿಸಿ. ಪಾಸ್‌ವರ್ಡ್ ಮಾತ್ರ ಆ ಹಾಳೆಯಲ್ಲಿ ಬೇಡ.