ಸಹಾಯ ಬೇಕು: ಹಳೇ ಟೋಪೋಶೀಟ್ ಮೇಲೆ ಜಿಪಿಎಸ್ ಪಾಯಿಂಟ್ ಕೂರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಉಡುಪಿಯ ಸ್ವರ್ಣಾ ನದಿ ದಡದ ಬಾವಿಗಳನ್ನು ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರಿನಲ್ಲಿ ಗುರುತಿಸುತ್ತಿದ್ದೇನೆ. ಮೊಬೈಲ್ ಜಿಪಿಎಸ್ ಪಾಯಿಂಟುಗಳು ಡಬ್ಲ್ಯುಜಿಎಸ್ 84 ಎಂಬ ನಿರ್ದೇಶಾಂಕ ವ್ಯವಸ್ಥೆಯಲ್ಲಿವೆ, ಅದರ ಕೋಡ್ ಇಪಿಎಸ್‌ಜಿ 4326. ಸ್ಯಾಟಲೈಟ್ ಚಿತ್ರದ ಮೇಲೆ ಸರಿಯಾಗಿಯೇ ಕೂರುತ್ತವೆ. ಆದರೆ ಸರ್ವೇ ಆಫ್ ಇಂಡಿಯಾದ ಹಳೇ 1:50,000 ಟೋಪೋಶೀಟನ್ನು (ನೆಲದ ವಿವರ ತೋರಿಸುವ ಸರ್ವೇ ನಕ್ಷೆ) ಜಿಯೋರೆಫರೆನ್ಸ್ ಮಾಡಿ, ಅಂದರೆ ನಕ್ಷೆಯ ಚಿತ್ರಕ್ಕೆ ನಿರ್ದೇಶಾಂಕ ಕೊಟ್ಟು, ಕೆಳಗೆ ಹಾಕಿದರೆ ಎಲ್ಲ ಬಾವಿಗಳೂ ಒಂದೇ ದಿಕ್ಕಿಗೆ ಸರಿದಿವೆ. ಕೆಲವು ಹೊಳೆಗೇ ಇಳಿದಿವೆ!

ಶೀಟಿನದು ಎವರೆಸ್ಟ್ ಎಲಿಪ್ಸಾಯ್ಡ್ (ಭೂಮಿಯ ಆಕಾರಕ್ಕೆ ಹಿಡಿದ ಮಾದರಿ), ಕಲ್ಯಾಣಪುರ ಡೇಟಮ್ (ಅಳತೆಗೆ ಹಿಡಿದ ಆಧಾರ). (ನಮ್ಮ ಸಂತೆಕಟ್ಟೆ ಪಕ್ಕದ ಕಲ್ಯಾಣಪುರ ಅಲ್ಲ ಮಾರ್ರೆ, ಮಧ್ಯಪ್ರದೇಶದ್ದು.) ಹಾಗಾಗಿ ಡೇಟಮ್ ಬದಲಾವಣೆ ಆಗದೆ ಹೀಗಾಗಿದೆ ಅಂತ ನನ್ನ ಅನಿಸಿಕೆ. ಲೇಯರಿನ ಸಿಆರ್‌ಎಸ್ (ನಿರ್ದೇಶಾಂಕ ವ್ಯವಸ್ಥೆ) ಹೆಸರು ಸುಮ್ನೆ ಬದಲಿಸಿದರೆ ಅಂಕಿಗಳು ಬದಲಾಗುವುದಿಲ್ಲ, ರೀಪ್ರೊಜೆಕ್ಟ್ ಮಾಡಬೇಕು, ಅಂದರೆ ಅಂಕಿಗಳನ್ನೇ ಹೊಸ ವ್ಯವಸ್ಥೆಗೆ ಲೆಕ್ಕ ಹಾಕಿಸಬೇಕು, ಅಲ್ವಾ?

ಕೇಳಬೇಕಾದ್ದು ಇಷ್ಟೇ. ಕ್ಯೂಜಿಐಎಸ್ ಸಿಆರ್‌ಎಸ್ ಲಿಸ್ಟಿನಲ್ಲಿ ಕಲ್ಯಾಣಪುರ 1937, 1962, 1975 ಅಂತೆಲ್ಲ ಇವೆ. ಕರಾವಳಿಯ ಶೀಟಿಗೆ ನೀವು ಯಾವುದನ್ನು ಹಾಕುತ್ತೀರಿ? ರಾಸ್ಟರನ್ನು (ಶೀಟಿನ ಚಿತ್ರವನ್ನು) ವಾರ್ಪ್ ಮಾಡುವಾಗ, ಅಂದರೆ ಹೊಸ ವ್ಯವಸ್ಥೆಗೆ ತಿರುಗಿಸುವಾಗ, ಯಾವ ಟ್ರಾನ್ಸ್‌ಫರ್ಮೇಶನ್ ಆರಿಸುತ್ತೀರಿ? ಕೊನೆಗೆ ಪಾಯಿಂಟು, ಶೀಟು ಎರಡನ್ನೂ ಮೀಟರಿನಲ್ಲಿ ಅಳೆಯುವ ಯುಟಿಎಂ 43 ಉತ್ತರ ವಲಯಕ್ಕೆ, ಅಂದರೆ ಇಪಿಎಸ್‌ಜಿ 32643ಕ್ಕೆ ತರಬೇಕು. ನದಿಯಿಂದ 100 ಮೀಟರ್ ಬಫರ್ (ದಡದ ಗುಂಟ ಪಟ್ಟಿ) ಹಾಕಲಿಕ್ಕಿದೆ, ಡಿಗ್ರಿಯಲ್ಲಿ ಅದು ಆಗುವ ಕೆಲಸ ಅಲ್ಲ.

ಮಂಗಳೂರು, ಉಡುಪಿ ಕಡೆಯ ಶೀಟುಗಳಲ್ಲಿ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಸೆಟ್ಟಿಂಗಿನ ಸ್ಕ್ರೀನ್‌ಶಾಟ್ ಹಾಕಿ.